ಎಸ್‌ಆರ್-22 ವಿಮಾ ಪ್ರಮಾಣಪತ್ರ: ಅಮೆರಿಕದಲ್ಲಿ ಅಮಾನತಾದ ಲೈಸೆನ್ಸ್ ಮರಳಿ ಪಡೆಯಲು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಲೈಸೆನ್ಸ್ ಅಮಾನತಾದವರಲ್ಲಿ ಬಹಳಷ್ಟು ಜನ ಎಸ್‌ಆರ್-22 ವಿಷಯದಲ್ಲಿ ಒಂದೇ ಜಾಗದಲ್ಲಿ ಎಡವುತ್ತಾರೆ. ವಿಮೆ ಕೊಂಡು, ಹಣ ಕಟ್ಟಿ, ಪಾಲಿಸಿಯ ಪ್ರತಿ ಮೊಬೈಲಿಗೆ ಬಂದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸಿ ಕಾರು ತೆಗೆಯುತ್ತಾರೆ. ರಾಜ್ಯದ ದಾಖಲೆಯಲ್ಲಿ ಮಾತ್ರ ಲೈಸೆನ್ಸ್ ಇನ್ನೂ ಅಮಾನತಿನಲ್ಲೇ ಇರುತ್ತದೆ. ಆಗ ಪೊಲೀಸರು ನಿಲ್ಲಿಸಿದರೆ, ಅಮಾನತಾದ ಲೈಸೆನ್ಸ್ ಇಟ್ಟುಕೊಂಡು ವಾಹನ ಓಡಿಸಿದ ಹೊಸ ಆರೋಪ ಹಳೆಯದರ ಜೊತೆ ಸೇರಿಕೊಳ್ಳುತ್ತದೆ. ಇನ್ನು ಕೆಲವರು ಮೊದಲ ವರ್ಷ ಎಲ್ಲವನ್ನೂ ಸರಿಯಾಗಿ ನಡೆಸಿಕೊಂಡು ಬಂದು, ಎರಡನೆಯ ವರ್ಷ ಊರಿಗೆ ಹೋಗುವಾಗ ವಿಮೆಯನ್ನು ನಿಲ್ಲಿಸಿ, ಮರಳಿ ಬಂದ ಮೇಲೆ ಮೊದಲಿನಿಂದ ಆರಂಭಿಸಬೇಕಾದ ಸ್ಥಿತಿಗೆ ಬೀಳುತ್ತಾರೆ.

ಈ ಎರಡೂ ತಪ್ಪುಗಳಿಗೆ ಕಾರಣ ಒಂದೇ. ಎಸ್‌ಆರ್-22 ಎಂಬುದು ವಿಮೆಯಲ್ಲ. ನಾವು ಕೈಯಲ್ಲಿ ಹಿಡಿದು ತೋರಿಸುವ ಕಾಗದವೂ ಅಲ್ಲ. ‘ಈ ವ್ಯಕ್ತಿಗೆ ರಾಜ್ಯದ ಕಾನೂನು ಕೇಳುವಷ್ಟು ವಿಮೆ ಇದೆ, ಅದು ನಿಂತುಹೋದರೆ ನಿಮಗೆ ತಿಳಿಸುತ್ತೇವೆ’ ಎಂದು ವಿಮಾ ಕಂಪನಿಯು ರಾಜ್ಯದ ಸಾರಿಗೆ ಇಲಾಖೆಗೆ ನೇರವಾಗಿ ಸಲ್ಲಿಸುವ ಪ್ರಮಾಣಪತ್ರ ಅದು. ಅದನ್ನು ನಾವೇ ತುಂಬಿ ಕೊಡಲು ಬರುವುದಿಲ್ಲ. ಅದು ಇಲಾಖೆಯ ದಾಖಲೆಗೆ ಸೇರಬೇಕು, ಮತ್ತು ಹೇಳಿದ ಅವಧಿಯುದ್ದಕ್ಕೂ ಒಂದು ದಿನವೂ ಕಡಿಯದೆ ಅಲ್ಲೇ ಇರಬೇಕು. ಮುಂದೆ ಬರುವ ಪ್ರತಿಯೊಂದು ಹಂತವೂ ಈ ಎರಡು ಮಾತುಗಳನ್ನು ಈಡೇರಿಸುವುದಕ್ಕಾಗಿಯೇ ಇದೆ. ಹಂತಗಳ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಯಾರಿಗೆ ಈ ಆದೇಶ ಬರುತ್ತದೆ

ಕುಡಿದು ವಾಹನ ಚಲಾಯಿಸಿದ ಪ್ರಕರಣಗಳಲ್ಲಿ, ಎಂದರೆ ಅಲ್ಲಿ ಡಿಯುಐ ಅಥವಾ ಡಿಡಬ್ಲ್ಯುಐ ಎಂದು ಕರೆಯುವ ಪ್ರಕರಣಗಳಲ್ಲಿ, ಇದು ಹೆಚ್ಚಾಗಿ ಬರುತ್ತದೆ. ಆದರೆ ಕುಡಿತಕ್ಕೆ ಸಂಬಂಧವೇ ಇಲ್ಲದವರಿಗೂ ಬರಬಹುದು. ವಿಮೆ ಇಲ್ಲದೆ ಕಾರು ಓಡಿಸಿ ಸಿಕ್ಕಿಬಿದ್ದವರು, ವಿಮೆಯಿಲ್ಲದ ಸಮಯದಲ್ಲಿ ಅಪಘಾತ ಮಾಡಿದವರು, ಅಮಾನತಿನ ಅವಧಿಯಲ್ಲಿ ವಾಹನ ಚಲಾಯಿಸಿದವರು, ಅಪಘಾತದ ಪರಿಹಾರ ಕಟ್ಟುವಂತೆ ನ್ಯಾಯಾಲಯ ಹೇಳಿದರೂ ಕಟ್ಟದವರು, ಸಂಚಾರ ನಿಯಮ ಮುರಿದಾಗ ಚಾಲಕರ ದಾಖಲೆಗೆ ಬೀಳುವ ಪಾಯಿಂಟ್‌ಗಳನ್ನು ಕಡಿಮೆ ಅವಧಿಯಲ್ಲಿ ಹೆಚ್ಚು ಸೇರಿಸಿಕೊಂಡವರು ಈ ಸಾಲಿಗೆ ಸೇರುತ್ತಾರೆ. ವಿಮಾ ಕಂಪನಿಗಳು ಇವರೆಲ್ಲರನ್ನೂ ಹೆಚ್ಚಿನ ಅಪಾಯದ ಚಾಲಕರು ಎಂಬ ಒಂದೇ ವರ್ಗಕ್ಕೆ ಹಾಕುತ್ತವೆ.

ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು

ಇಲಾಖೆಯಿಂದ ಬಂದ ಅಮಾನತಿನ ಪತ್ರ, ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿ, ಲೈಸೆನ್ಸ್ ಸಂಖ್ಯೆ, ಪಾಸ್‌ಪೋರ್ಟ್, ಕಾರು ಇದ್ದರೆ ಅದರ ನೋಂದಣಿ ಪತ್ರ ಮತ್ತು 17 ಅಕ್ಷರಾಂಕೆಗಳ ವಾಹನ ಗುರುತಿನ ಸಂಖ್ಯೆ, ಈಗಿನ ವಿಮೆಯ ವಿವರಗಳ ಪುಟ ಇವೆಲ್ಲವೂ ಒಂದೇ ಕಡತದಲ್ಲಿರಲಿ. ಒಂದು ಸಣ್ಣ ನೋಟ್‌ಪುಸ್ತಕವನ್ನೂ ಜೊತೆಗಿಟ್ಟುಕೊಳ್ಳಿ. ಯಾವ ದಿನ ಯಾರಿಗೆ ಕರೆ ಮಾಡಿದಿರಿ, ಅವರು ಏನು ಹೇಳಿದರು, ಯಾವ ಉಲ್ಲೇಖ ಸಂಖ್ಯೆ ಕೊಟ್ಟರು ಎಂಬುದನ್ನು ಬರೆದಿಡುವುದು ಈ ಕೆಲಸದಲ್ಲಿ ತುಂಬ ಮುಖ್ಯ. ಇಲಾಖೆ, ನ್ಯಾಯಾಲಯ ಮತ್ತು ವಿಮಾ ಕಂಪನಿಗಳ ನಡುವೆ ಮಾತು ಹೊಂದದೆ ಇದ್ದಾಗ ನಿಮ್ಮ ಪರವಾಗಿ ನಿಲ್ಲುವ ದಾಖಲೆ ಅದೊಂದೇ.

ಹಂತ 1: ಯಾರು, ಏನನ್ನು, ಎಲ್ಲಿಯವರೆಗೆ ಕೇಳಿದ್ದಾರೆ ಎಂಬುದನ್ನು ಪತ್ರದಿಂದ ಹೆಕ್ಕಿಕೊಳ್ಳಿ

ಅಮಾನತಿನ ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿ. ಅದರಲ್ಲಿ ಅಮಾನತು ಜಾರಿಗೆ ಬರುವ ದಿನ, ಯಾವ ಕಾನೂನಿನ ಕಲಮಿನಡಿ ಅಮಾನತಾಗಿದೆ ಎಂಬುದು, ಲೈಸೆನ್ಸ್ ಮರಳಿ ಪಡೆಯಲು ಪೂರೈಸಬೇಕಾದ ಷರತ್ತುಗಳು ಮತ್ತು ಶುಲ್ಕ ಇರುತ್ತವೆ. ಎಷ್ಟೋ ಪತ್ರಗಳಲ್ಲಿ ಎಸ್‌ಆರ್-22 ಎಂಬ ಅಕ್ಷರಗಳೇ ಎದ್ದು ಕಾಣುವುದಿಲ್ಲ. ‘ಆರ್ಥಿಕ ಹೊಣೆಗಾರಿಕೆಯ ಪುರಾವೆ’ ಎಂಬ ಅರ್ಥದ ಒಂದು ಸಾಲು ಷರತ್ತುಗಳ ನಡುವೆ ಸೇರಿಕೊಂಡಿರುತ್ತದೆ. ಕೇಳುತ್ತಿರುವುದು ಈ ಪ್ರಮಾಣಪತ್ರವನ್ನೇ.

ನ್ಯಾಯಾಲಯ ಮತ್ತು ಸಾರಿಗೆ ಇಲಾಖೆ ಬೇರೆ ಬೇರೆ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನ್ಯಾಯಾಲಯದಲ್ಲಿ ದಂಡ ಕಟ್ಟಿ ಪ್ರಕರಣ ಮುಗಿಸಿಕೊಂಡರೂ ಇಲಾಖೆಯ ಅಮಾನತು ತಾನಾಗಿ ಹೋಗುವುದಿಲ್ಲ. ಕುಡಿದು ಚಲಾಯಿಸಿದ ಪ್ರಕರಣಗಳಲ್ಲಿ ಇಲಾಖೆಯ ಕ್ರಮ ಬಂಧನವಾದ ದಿನದಿಂದಲೇ ಶುರುವಾಗುತ್ತದೆ, ಮತ್ತು ಅದನ್ನು ಪ್ರಶ್ನಿಸುವ ಗಡುವು ಬಹಳ ಚಿಕ್ಕದು. ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ 10 ದಿನಗಳೊಳಗೆ, ಟೆಕ್ಸಾಸ್‌ನಲ್ಲಿ ಅಮಾನತಿನ ನೋಟಿಸ್ ಕೈಗೆ ಬಂದ 15 ದಿನಗಳೊಳಗೆ ವಿಚಾರಣೆಯನ್ನು ಕೇಳಿಕೊಳ್ಳಬೇಕು. ಈ ಗಡುವು ಇನ್ನೂ ಮೀರಿಲ್ಲದಿದ್ದರೆ ವಿಮೆಯ ಯೋಚನೆಯನ್ನು ಬದಿಗಿಟ್ಟು ಮೊದಲು ವಕೀಲರನ್ನು ಕಾಣಿರಿ.

ಎಚ್-1ಬಿ, ಎಫ್-1 ಮುಂತಾದ ವೀಸಾಗಳಲ್ಲಿ ಇರುವವರು ಮತ್ತೊಂದು ವಿಷಯವನ್ನು ಗಮನಿಸಬೇಕು. ಕುಡಿದು ಚಲಾಯಿಸಿದ ಆರೋಪದಲ್ಲಿ ಬಂಧನವಾದರೆ, ತೀರ್ಪು ಬರುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯನ್ನು ರದ್ದುಪಡಿಸಬಹುದು. ಹಾಗಾದರೆ ಮುಂದಿನ ಸಲ ದೇಶದಿಂದ ಹೊರಗೆ ಹೋದಾಗ ಹೊಸ ವೀಸಾ ಪಡೆಯದೆ ಮರಳಲು ಆಗುವುದಿಲ್ಲ. ಎಸ್‌ಆರ್-22 ಈ ತೊಂದರೆಯನ್ನು ಯಾವ ರೀತಿಯಲ್ಲಿಯೂ ಪರಿಹರಿಸುವುದಿಲ್ಲ. ಊರಿಗೆ ಟಿಕೆಟ್ ತೆಗೆಯುವ ಮೊದಲು ವಲಸೆ ಕಾನೂನಿನ ವಕೀಲರ ಸಲಹೆ ಪಡೆಯುವುದು ಅನಿವಾರ್ಯ.

ಹಂತ 2: ನಿಮ್ಮ ರಾಜ್ಯದ ನಿಯಮವನ್ನು ತಿಳಿದುಕೊಳ್ಳಿ

ಗೆಳೆಯರು ಹೇಳಿದ್ದನ್ನು ನಂಬಿ ನಡೆಯುವವರು ಹೆಚ್ಚಾಗಿ ಇಲ್ಲಿ ಕೆಡುತ್ತಾರೆ. ಡಲ್ಲಾಸ್‌ನಲ್ಲಿರುವ ಪರಿಚಿತರಿಗೆ ಆದದ್ದು ಸಿಯಾಟಲ್‌ನಲ್ಲಿರುವ ನಿಮಗೆ ಅನ್ವಯಿಸಬೇಕೆಂದಿಲ್ಲ, ಏಕೆಂದರೆ ವಾಹನ ವಿಮೆ ಸಂಪೂರ್ಣವಾಗಿ ಆಯಾ ರಾಜ್ಯದ ವಿಷಯ. ಸಂಬಂಧಪಟ್ಟ ಇಲಾಖೆಯ ಹೆಸರು ಕೂಡ ಎಲ್ಲ ಕಡೆ ಡಿಎಂವಿ (ಮೋಟಾರು ವಾಹನ ಇಲಾಖೆ) ಅಲ್ಲ. ಟೆಕ್ಸಾಸ್‌ನಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆಯೂ, ಇಲಿನಾಯ್‌ನಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯೂ, ವಾಷಿಂಗ್ಟನ್ ರಾಜ್ಯದಲ್ಲಿ ಲೈಸೆನ್ಸಿಂಗ್ ಇಲಾಖೆಯೂ ಈ ಕೆಲಸವನ್ನು ನೋಡಿಕೊಳ್ಳುತ್ತವೆ.

ತಿಳಿದುಕೊಳ್ಳಬೇಕಾದ ಸಂಗತಿಗಳು ಮೂರು. ಮೊದಲನೆಯದು ಪ್ರಮಾಣಪತ್ರದ ಬಗೆ. ಬಹುಪಾಲು ರಾಜ್ಯಗಳಲ್ಲಿ ಅದು ಎಸ್‌ಆರ್-22. ಫ್ಲಾರಿಡಾ ಮತ್ತು ವರ್ಜೀನಿಯಾ ರಾಜ್ಯಗಳಲ್ಲಿ ಕುಡಿದು ಚಲಾಯಿಸಿದ ಪ್ರಕರಣಗಳಿಗೆ ಎಫ್‌ಆರ್-44 ಎಂಬ ಬೇರೆಯೇ ಪ್ರಮಾಣಪತ್ರ ಬೇಕು. ಅದಕ್ಕೆ ವಿಮೆಯ ಮಿತಿಯೂ ಸಾಮಾನ್ಯ ಕನಿಷ್ಠಕ್ಕಿಂತ ಬಹಳ ಹೆಚ್ಚು. ಜಾರ್ಜಿಯಾ ಮುಂತಾದ ಕೆಲವೆಡೆ ಎಸ್‌ಆರ್-22ಎ ಎಂಬುದನ್ನು ಕೇಳಬಹುದು. ಅದರಲ್ಲಿ ಆರು ತಿಂಗಳ ಪ್ರೀಮಿಯಂ ಅನ್ನು ಮುಂಗಡವಾಗಿಯೇ ಕಟ್ಟಬೇಕಾಗುತ್ತದೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ನಾರ್ತ್ ಕ್ಯಾರೊಲಿನಾ, ಮಿನ್ನೆಸೋಟದಂಥ ರಾಜ್ಯಗಳು ತಮ್ಮ ಚಾಲಕರಿಂದ ಎಸ್‌ಆರ್-22 ಕೇಳುವುದಿಲ್ಲ.

ಎರಡನೆಯದು ವಿಮೆಯ ಕನಿಷ್ಠ ಮಿತಿ. ಊರಿನಲ್ಲಿ ನಾವು ಥರ್ಡ್ ಪಾರ್ಟಿ ಎನ್ನುವ ವಿಮೆಯನ್ನು ಅಲ್ಲಿ ಮೂರು ಅಂಕೆಗಳಲ್ಲಿ ಬರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಅದು 30/60/15. ಗಾಯಗೊಂಡ ಅಥವಾ ಮೃತಪಟ್ಟ ಒಬ್ಬ ವ್ಯಕ್ತಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000 ಡಾಲರ್, ಆಸ್ತಿ ಹಾನಿಗೆ 15,000 ಡಾಲರ್ ಎಂದು ಅದರ ಅರ್ಥ. ಟೆಕ್ಸಾಸ್‌ನಲ್ಲಿ 30/60/25, ಇಲಿನಾಯ್‌ನಲ್ಲಿ 25/50/20. ಫ್ಲಾರಿಡಾದ ಎಫ್‌ಆರ್-44ಕ್ಕೆ 100/300/50 ಬೇಕು. ಕ್ಯಾಲಿಫೋರ್ನಿಯಾದ ಹಳೆಯ 15/30/5 ಮಿತಿಯನ್ನು ಈಗಲೂ ಹೇಳುತ್ತಿರುವ ಬರಹಗಳಿವೆ, ಅವನ್ನು ನೆಚ್ಚಿಕೊಳ್ಳಬೇಡಿ.

ಮೂರನೆಯದು ಅವಧಿ. ಹಲವು ರಾಜ್ಯಗಳಲ್ಲಿ ಅದು 3 ವರ್ಷ, ಟೆಕ್ಸಾಸ್‌ನಲ್ಲಿ ತೀರ್ಪಿನ ದಿನದಿಂದ 2 ವರ್ಷ. ಎಷ್ಟು ವರ್ಷ ಎಂಬುದಕ್ಕಿಂತ ಯಾವ ದಿನದಿಂದ ಎಣಿಸಬೇಕು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಬಂಧನವಾದ ದಿನ, ತೀರ್ಪಿನ ದಿನ, ಲೈಸೆನ್ಸ್ ಮರಳಿ ಊರ್ಜಿತಗೊಂಡ ದಿನ ಇವು ಮೂರೂ ಬೇರೆ ಬೇರೆ, ಮತ್ತು ಇವುಗಳ ನಡುವೆ ಹಲವು ತಿಂಗಳ ಅಂತರವಿರುವುದು ಸಾಮಾನ್ಯ.

ಹಂತ 3: ಕಾರು ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಪ್ರಮಾಣಪತ್ರದ ವಿಧವನ್ನು ಆರಿಸಿ

ಎಸ್‌ಆರ್-22ರಲ್ಲಿ ಮೂರು ವಿಧಗಳಿವೆ. ನಿಮ್ಮದೇ ಕಾರನ್ನು ಓಡಿಸುವುದಾದರೆ ಮಾಲೀಕರ ಪ್ರಮಾಣಪತ್ರ. ನಿಮ್ಮ ಹೆಸರಿನಲ್ಲಿ ಕಾರು ಇಲ್ಲದೆ ಆಗೀಗ ಬೇರೆಯವರ ಅಥವಾ ಬಾಡಿಗೆ ಕಾರನ್ನು ಓಡಿಸುವುದಾದರೆ ಚಾಲಕರ ಪ್ರಮಾಣಪತ್ರ. ಎರಡೂ ಇದ್ದರೆ ಮಾಲೀಕ-ಚಾಲಕರ ಪ್ರಮಾಣಪತ್ರ. ಎರಡನೆಯದರ ಜೊತೆಗೆ ಬರುವ ವಿಮೆಯನ್ನು ನಾನ್-ಓನರ್ ಪಾಲಿಸಿ ಎನ್ನುತ್ತಾರೆ. ಅದರ ಪ್ರೀಮಿಯಂ ಸಾಮಾನ್ಯವಾಗಿ ಕಡಿಮೆ.

ಕಡಿಮೆ ಎಂಬ ಒಂದೇ ಕಾರಣಕ್ಕೆ ನಾನ್-ಓನರ್ ಪಾಲಿಸಿ ಕೊಳ್ಳುವುದು ಬಹಳ ಅಪಾಯಕಾರಿ. ಮನೆಯಲ್ಲಿ ಒಂದೇ ಕಾರಿದ್ದು ಅದು ಹೆಂಡತಿಯ ಅಥವಾ ಗಂಡನ ಹೆಸರಿನಲ್ಲಿದ್ದರೆ, ‘ನನ್ನ ಹೆಸರಿನಲ್ಲಿ ಕಾರಿಲ್ಲವಲ್ಲ, ನಾನ್-ಓನರ್ ಸಾಕು’ ಎಂದು ಎಷ್ಟೋ ಜನ ಅಂದುಕೊಳ್ಳುತ್ತಾರೆ. ಆದರೆ ಅದೇ ಮನೆಯಲ್ಲಿರುವ, ನಿಮಗೆ ದಿನವೂ ಓಡಿಸಲು ಸಿಗುವ ಕಾರನ್ನು ಈ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆ ಕಾರಿನಲ್ಲಿ ಅಪಘಾತವಾದರೆ ಪರಿಹಾರ ಸಿಗದು. ಎರಡನೆಯ ಸಲ ವಿಮೆಯಿಲ್ಲದ ಚಾಲಕರೆಂದು ಎಣಿಸಲ್ಪಡುವ ಸಾಧ್ಯತೆಯೂ ಇದೆ. ಇಂಥ ಮನೆಗಳಲ್ಲಿ ಸರಿಯಾದ ದಾರಿಯೆಂದರೆ, ಸಂಗಾತಿಯ ಪಾಲಿಸಿಯಲ್ಲಿ ನಿಮ್ಮನ್ನು ಚಾಲಕರೆಂದು ಸೇರಿಸಿ, ಆ ಪಾಲಿಸಿಯ ಮೇಲೆಯೇ ನಿಮ್ಮ ಹೆಸರಿನಲ್ಲಿ ಎಸ್‌ಆರ್-22 ಸಲ್ಲಿಸುತ್ತೀರಾ ಎಂದು ಕಂಪನಿಯನ್ನು ಕೇಳುವುದು. ಒಪ್ಪದಿದ್ದರೆ ಒಪ್ಪುವ ಕಂಪನಿಯನ್ನು ಹುಡುಕಬೇಕು. ಮನೆಯ ಪ್ರೀಮಿಯಂ ಏರುತ್ತದೆ ಎಂದು ನಿಮ್ಮನ್ನು ಪಾಲಿಸಿಯಿಂದ ಹೊರಗಿಟ್ಟ ಚಾಲಕರ ಪಟ್ಟಿಗೆ ಸೇರಿಸಿದರೆ, ಆಮೇಲೆ ನೀವು ಆ ಕಾರಿನ ಚಾಲಕನ ಸೀಟಿನಲ್ಲಿ ಒಮ್ಮೆಯೂ ಕೂರಬಾರದು, ತುರ್ತು ಸಂದರ್ಭದಲ್ಲಿಯೂ ಕೂಡ.

ನಾನ್-ಓನರ್ ಪಾಲಿಸಿ ಇರುವಾಗ ಕಾರು ಕೊಂಡರೆ, ಶೋರೂಮಿನಿಂದ ಹೊರಗೆ ತರುವ ಮೊದಲೇ ಮಾಲೀಕರ ಪಾಲಿಸಿಗೆ ಬದಲಾಗಿ, ಹೊಸ ಎಸ್‌ಆರ್-22 ಸಲ್ಲಿಕೆಯಾಗಬೇಕು.

ಹಂತ 4: ಹೆಸರನ್ನು ಅಕ್ಷರ ಅಕ್ಷರವಾಗಿ ಹೊಂದಿಸಿ

ಈ ಹಂತವನ್ನು ಇಂಗ್ಲಿಷ್‌ನಲ್ಲಿರುವ ಮಾರ್ಗದರ್ಶಿಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಕರ್ನಾಟಕದಿಂದ ಹೋದವರಿಗೆ ಅಷ್ಟು ಸಾಲದು, ಏಕೆಂದರೆ ನಮ್ಮ ಹೆಸರುಗಳು ಅಲ್ಲಿಯ ಅರ್ಜಿಗಳ ಚೌಕಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ. ಹೆಸರಿನ ಮುಂದೆ ಊರಿನ ಮತ್ತು ತಂದೆಯ ಇನಿಶಿಯಲ್‌ಗಳಿರುತ್ತವೆ. ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದಿರುತ್ತಾರೆ, ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಸಾಲು ಖಾಲಿಯೇ ಇರುತ್ತದೆ. ಹಾಗೆ ಖಾಲಿ ಇದ್ದವರ ವೀಸಾದಲ್ಲಿ ಪೂರ್ತಿ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರು ಅಕ್ಷರಗಳು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ) ಬಂದು ಕೂರುತ್ತವೆ. ಅದೇ ಲೈಸೆನ್ಸಿಗೂ ಇಳಿದಿರುತ್ತದೆ.

ವಿಮೆ ಕೊಳ್ಳುವಾಗ ಮಾತ್ರ ನಾವು ಕಚೇರಿಯಲ್ಲಿ ಎಲ್ಲರೂ ಕರೆಯುವ ಹೆಸರನ್ನು ಬರೆಯುತ್ತೇವೆ. ಕಂಪನಿ ಆ ಹೆಸರಿನಲ್ಲಿ ಎಸ್‌ಆರ್-22 ಕಳಿಸುತ್ತದೆ. ಇಲಾಖೆಯ ದಾಖಲೆಯಲ್ಲಿ ಆ ಹೆಸರಿನ ಚಾಲಕರೇ ಇಲ್ಲದೆ, ಪ್ರಮಾಣಪತ್ರ ತಿರಸ್ಕೃತವಾಗುತ್ತದೆ, ಇಲ್ಲವೇ ಯಾರ ದಾಖಲೆಗೂ ಸೇರದೆ ಉಳಿದುಹೋಗುತ್ತದೆ. ಕಂಪನಿಯ ಲೆಕ್ಕದಲ್ಲಿ ಕಳಿಸಿಯಾಗಿದೆ, ಇಲಾಖೆಯ ಲೆಕ್ಕದಲ್ಲಿ ಬಂದೇ ಇಲ್ಲ.

ಆದ್ದರಿಂದ ಲೈಸೆನ್ಸ್ ಕಾರ್ಡನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೆಯೇ, ಎಫ್‌ಎನ್‌ಯು ಇದ್ದರೆ ಅದನ್ನೂ ಸೇರಿಸಿ, ಹೆಸರನ್ನು ಕೊಡಿ. ಹುಟ್ಟಿದ ದಿನಾಂಕ ಬರೆಯುವಾಗ ಅಮೆರಿಕದ ಕ್ರಮದಂತೆ ತಿಂಗಳನ್ನು ಮೊದಲು ಬರೆಯಬೇಕು. 5ನೇ ಏಪ್ರಿಲ್ ಮೇ 4 ಆಗಿಬಿಡುವುದು ಅಪರೂಪವಲ್ಲ. ಲೈಸೆನ್ಸ್ ಸಂಖ್ಯೆಯನ್ನು ಏಜೆಂಟರಿಂದ ಓದಿಸಿ ಕೇಳಿಸಿಕೊಳ್ಳಿ. ಆ ರಾಜ್ಯದ ಲೈಸೆನ್ಸ್ ಇಲ್ಲದೆ ಭಾರತದ ಲೈಸೆನ್ಸ್‌ನಲ್ಲಿ ಓಡಿಸುತ್ತಿದ್ದಾಗ ಪ್ರಕರಣವಾಗಿದ್ದರೆ, ಇಲಾಖೆ ನಿಮ್ಮ ಹೆಸರಿನಲ್ಲಿ ತೆರೆದಿರುವ ದಾಖಲೆಯ ಸಂಖ್ಯೆ ಪತ್ರದಲ್ಲಿರುತ್ತದೆ, ಅದನ್ನು ಕೊಡಬೇಕು. ಅಂದಹಾಗೆ, ಅಮಾನತಾಗುವುದು ಆ ರಾಜ್ಯದಲ್ಲಿ ವಾಹನ ಓಡಿಸುವ ನಿಮ್ಮ ಹಕ್ಕು. ಭಾರತದ ಲೈಸೆನ್ಸ್ ಅಥವಾ ಅಂತರರಾಷ್ಟ್ರೀಯ ಪರವಾನಗಿ ತೋರಿಸಿ ಅದನ್ನು ದಾಟಲು ಸಾಧ್ಯವಿಲ್ಲ.

ಹಂತ 5: ಕಂಪನಿಯನ್ನು ಆರಿಸಿ, ಹಣ ಕಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿ

ಎಲ್ಲ ಕಂಪನಿಗಳೂ ಎಸ್‌ಆರ್-22 ಸಲ್ಲಿಸುವುದಿಲ್ಲ. ಈಗಿನ ಕಂಪನಿಯನ್ನು ಮೊದಲು ಕೇಳಿ. ಅದು ಒಪ್ಪದಿದ್ದರೆ ಹೆಚ್ಚಿನ ಅಪಾಯದ ಚಾಲಕರಿಗೆಂದೇ ವಿಮೆ ಮಾರುವ ಕಂಪನಿಗಳಿವೆ. ಹಲವು ಕಂಪನಿಗಳ ಪರವಾಗಿ ಕೆಲಸ ಮಾಡುವ ಸ್ವತಂತ್ರ ಏಜೆಂಟರ ಬಳಿ ಹೋಗುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ಪ್ರಕರಣಕ್ಕೆ ಕಂಪನಿಗಳು ಹೇಳುವ ಪ್ರೀಮಿಯಂಗಳ ನಡುವೆ ದೊಡ್ಡ ಅಂತರವಿರುತ್ತದೆ. ಯಾರೂ ಕೊಡಲು ಒಪ್ಪದಿದ್ದರೆ ರಾಜ್ಯಗಳಲ್ಲಿ ಅದಕ್ಕೂ ಒಂದು ವ್ಯವಸ್ಥೆ ಇದೆ: ಕ್ಯಾಲಿಫೋರ್ನಿಯಾದಲ್ಲಿ ಅಸೈನ್ಡ್ ರಿಸ್ಕ್ ಪ್ಲಾನ್, ಟೆಕ್ಸಾಸ್‌ನಲ್ಲಿ ಆಟೊಮೊಬೈಲ್ ಇನ್ಶೂರೆನ್ಸ್ ಪ್ಲಾನ್ ಅಸೋಸಿಯೇಷನ್. ಅವು ನಿಮ್ಮನ್ನು ಯಾವುದಾದರೂ ಒಂದು ಕಂಪನಿಗೆ ಒಪ್ಪಿಸುತ್ತವೆ. ಪ್ರೀಮಿಯಂ ಹೆಚ್ಚಿರುತ್ತದೆ, ಆದರೆ ಬಾಗಿಲು ಮುಚ್ಚಿರುವುದಿಲ್ಲ.

ಪ್ರಮಾಣಪತ್ರ ಸಲ್ಲಿಸುವ ಶುಲ್ಕ ದೊಡ್ಡದಲ್ಲ. ಸಾಮಾನ್ಯವಾಗಿ 15ರಿಂದ 50 ಡಾಲರ್ ಒಳಗೆ. ಹೊರೆಯಾಗುವುದು ಏರಿದ ಪ್ರೀಮಿಯಂ. ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಚಲಾಯಿಸಿದ ತೀರ್ಪು ಬಂದವರಿಗೆ ಉತ್ತಮ ಚಾಲಕರಿಗೆ ಸಿಗುವ ರಿಯಾಯಿತಿ 10 ವರ್ಷ ಸಿಗುವುದಿಲ್ಲ. ಹಾಗೆಂದು ಪ್ರಕರಣವನ್ನು ಮುಚ್ಚಿಟ್ಟು ಕಡಿಮೆ ಪ್ರೀಮಿಯಂಗೆ ವಿಮೆ ಕೊಳ್ಳುವ ಯೋಚನೆ ಬೇಡ. ಕಂಪನಿ ನಿಮ್ಮ ಚಾಲನಾ ದಾಖಲೆಯನ್ನು ತರಿಸಿ ನೋಡಿಯೇ ನೋಡುತ್ತದೆ. ಸುಳ್ಳು ಹೇಳಿದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದುಮಾಡುತ್ತದೆ, ಎಸ್‌ಆರ್-22 ಕೂಡ ಅದರೊಡನೆ ಹೋಗುತ್ತದೆ.

ಹಣ ಕಟ್ಟುವ ಮೊದಲು ಏಜೆಂಟರಿಂದ ಸ್ಪಷ್ಟ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಇವು. ನನ್ನ ಪ್ರಕರಣವಾದ ರಾಜ್ಯಕ್ಕೆ ಸಲ್ಲಿಸಲು ನಿಮ್ಮ ಕಂಪನಿಗೆ ಅಧಿಕಾರವಿದೆಯೇ? ಕಂಪ್ಯೂಟರ್ ಮೂಲಕ ಕಳಿಸುತ್ತೀರೋ, ಅಂಚೆಯಲ್ಲೋ? ಯಾವ ದಿನಾಂಕದಿಂದ ಜಾರಿ? ಮಾಲೀಕರದೋ, ಚಾಲಕರದೋ? ಕಂತು ತಪ್ಪಿದರೆ ರದ್ದತಿಗೆ ಮೊದಲು ಎಷ್ಟು ದಿನದ ನೋಟಿಸ್ ಕೊಡುತ್ತೀರಿ? ಸಲ್ಲಿಸಿದ್ದಕ್ಕೆ ಪ್ರತಿ ಕೊಡುತ್ತೀರಾ? ಉತ್ತರಗಳನ್ನು ಇಮೇಲ್‌ನಲ್ಲಿ ಕಳಿಸುವಂತೆ ಕೇಳಿಕೊಳ್ಳಿ. ರಸ್ತೆಯಲ್ಲಿ ಪೊಲೀಸರು ನೋಡುವುದು ವಿಮೆಯ ಗುರುತಿನ ಕಾರ್ಡನ್ನು. ಎಸ್‌ಆರ್-22 ಪ್ರತಿ ನಿಮ್ಮ ಕಡತಕ್ಕಾಗಿ.

ಹಂತ 6: ಇಲಾಖೆಯ ದಾಖಲೆಯಲ್ಲಿ ಸೇರಿದೆಯೇ ಎಂದು ನೀವೇ ನೋಡಿ, ಆಮೇಲೆ ಶುಲ್ಕ ಕಟ್ಟಿ

ಕಂಪ್ಯೂಟರ್ ಮೂಲಕ ಕಳಿಸಿದ ಪ್ರಮಾಣಪತ್ರ ಒಂದೆರಡು ದಿನಗಳಲ್ಲಿ ತಲುಪಬಹುದು. ಅಂಚೆಯಲ್ಲಾದರೆ ವಾರಗಳೇ ಹಿಡಿಯಬಹುದು. ತಲುಪಿದ್ದನ್ನು ದಾಖಲೆಗೆ ಏರಿಸಲು ಇಲಾಖೆಗೂ ಸಮಯ ಬೇಕು. ಕಳಿಸಿದ್ದೇವೆ ಎಂಬ ಏಜೆಂಟರ ಮಾತಿಗೆ ಅಲ್ಲಿಯೇ ನಿಲ್ಲದೆ, ಇಲಾಖೆಯ ಜಾಲತಾಣದಲ್ಲಿ ಲೈಸೆನ್ಸ್ ಸ್ಥಿತಿಯನ್ನು ನೋಡಿ. ಟೆಕ್ಸಾಸ್‌ನಲ್ಲಿ ಬಾಕಿ ಇರುವ ಷರತ್ತು ಮತ್ತು ಶುಲ್ಕಗಳನ್ನು ಆನ್‌ಲೈನ್‌ನಲ್ಲೇ ತೋರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಚಾಲನಾ ದಾಖಲೆಯನ್ನು ಸಣ್ಣ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲಿ ಪಡೆಯಬಹುದು.

ಎಸ್‌ಆರ್-22 ಸೇರಿದ ಮಾತ್ರಕ್ಕೆ ಅಮಾನತು ಹೋಗುವುದಿಲ್ಲ. ಮರುಸ್ಥಾಪನಾ ಶುಲ್ಕ ಬೇರೆ ಕಟ್ಟಬೇಕು. ಒಂದಕ್ಕಿಂತ ಹೆಚ್ಚು ಅಮಾನತುಗಳಿದ್ದರೆ ಒಂದೊಂದಕ್ಕೂ ಪ್ರತ್ಯೇಕ ಶುಲ್ಕ ಬೀಳಬಹುದು. ಕುಡಿದು ಚಲಾಯಿಸಿದ ಪ್ರಕರಣವಾಗಿದ್ದರೆ ನಿಗದಿತ ತರಗತಿಗಳಿಗೆ ಸೇರಿದ ದಾಖಲೆ, ಕೆಲವೊಮ್ಮೆ ಉಸಿರು ಊದದೆ ಕಾರು ಚಾಲೂ ಆಗದಂತೆ ತಡೆಯುವ ಇಗ್ನಿಷನ್ ಇಂಟರ್‌ಲಾಕ್ ಸಾಧನ ಅಳವಡಿಸಿದ ಪತ್ರ ಕೂಡ ಬೇಕಾಗುತ್ತದೆ. ಇವನ್ನೆಲ್ಲ ಪೂರೈಸಿದರೆ, ಪೂರ್ತಿ ಅವಧಿ ಮುಗಿಯುವ ಮೊದಲೇ ಕೆಲಸಕ್ಕೆ ಹೋಗಿಬರಲು ನಿರ್ಬಂಧಿತ ಲೈಸೆನ್ಸ್ ಸಿಗುವ ಅವಕಾಶ ಹಲವು ರಾಜ್ಯಗಳಲ್ಲಿ ಇದೆ.

ವೀಸಾದ ಮೇಲೆ ಇರುವವರ ಲೈಸೆನ್ಸ್ ಅವರ ವಾಸದ ಅನುಮತಿಯ ಜೊತೆಗೆ ಮುಗಿಯುವಂತೆ ಕೊಟ್ಟಿರುತ್ತಾರೆ. ಅಮಾನತಿನ ಅವಧಿಯಲ್ಲಿ ಆ ದಿನಾಂಕ ದಾಟಿಹೋಗಿದ್ದರೆ, ಅಮಾನತು ತೆರವಾದರೂ ಕೈಯಲ್ಲಿರುವುದು ಅವಧಿ ಮೀರಿದ ಲೈಸೆನ್ಸೇ. ನವೀಕರಣಕ್ಕೆ ಬೇರೆಯಾಗಿಯೇ ಅರ್ಜಿ ಹಾಕಬೇಕು. ‘ಊರ್ಜಿತ’ ಎಂಬ ಸ್ಥಿತಿ ಜಾಲತಾಣದಲ್ಲಿ ಕಾಣುವವರೆಗೆ ಅಥವಾ ಇಲಾಖೆಯ ಪತ್ರ ಬರುವವರೆಗೆ ಸ್ಟೀರಿಂಗ್ ಮುಟ್ಟಬೇಡಿ.

ಹಂತ 7: ಅವಧಿಯುದ್ದಕ್ಕೂ ವಿಮೆ ಕಡಿಯದಂತೆ ಕಾಯಿರಿ

ಮೊದಲ ಆರು ಹಂತಗಳು ಕೆಲವು ವಾರಗಳ ಕೆಲಸ, ಇದು ವರ್ಷಗಳ ಕೆಲಸ. ಹೆಚ್ಚಿನ ಅನಾಹುತಗಳು ಇಲ್ಲಿಯೇ ಆಗುತ್ತವೆ. ಪಾಲಿಸಿ ಯಾವ ಕಾರಣಕ್ಕೇ ನಿಂತರೂ, ಕಂಪನಿಯು ಎಸ್‌ಆರ್-26 ಎಂಬ ಇನ್ನೊಂದು ನಮೂನೆಯನ್ನು ಇಲಾಖೆಗೆ ಕಳಿಸುತ್ತದೆ. ಕಳಿಸುವುದು ಅದರ ಕರ್ತವ್ಯ. ನೀವು ಎಷ್ಟೇ ಕೇಳಿಕೊಂಡರೂ ತಡೆಹಿಡಿಯಲು ಬರುವುದಿಲ್ಲ. ಅದು ತಲುಪಿದರೆ ಲೈಸೆನ್ಸ್ ಮತ್ತೆ ಅಮಾನತು, ಮತ್ತೆ ಶುಲ್ಕ, ಮತ್ತು ಕೆಲವು ರಾಜ್ಯಗಳಲ್ಲಿ ಅವಧಿಯ ಲೆಕ್ಕವೂ ಮತ್ತೆ ಮೊದಲಿನಿಂದ.

ಕಂತು ಕಟ್ಟುವಾಗ. ಸಾಧ್ಯವಿದ್ದರೆ ಆರು ತಿಂಗಳ ಪ್ರೀಮಿಯಂ ಅನ್ನು ಒಮ್ಮೆಗೇ ಕಟ್ಟಿಬಿಡಿ. ಬ್ಯಾಂಕಿನಿಂದ ತಾನಾಗಿ ಹಣ ಕಡಿತವಾಗುವಂತೆ ಮಾಡಿದ್ದೇವೆ, ಇನ್ನು ಚಿಂತೆಯಿಲ್ಲ ಎಂಬ ಧೈರ್ಯ ಸಾಲದು. ಕಾರ್ಡಿನ ಅವಧಿ ಮುಗಿದು ಹೊಸ ಸಂಖ್ಯೆಯ ಕಾರ್ಡ್ ಬಂದಾಗ, ಖಾತೆ ಬದಲಿಸಿದಾಗ, ಕಡಿತ ಸದ್ದಿಲ್ಲದೆ ವಿಫಲವಾಗುತ್ತದೆ. ಎಚ್ಚರಿಕೆಯ ಪತ್ರ ಹಳೆಯ ವಿಳಾಸಕ್ಕೆ ಹೋಗಿರುತ್ತದೆ. ಮನೆ ಬದಲಿಸಿದ ಕೂಡಲೇ ಕಂಪನಿಗೂ ಇಲಾಖೆಗೂ ಹೊಸ ವಿಳಾಸ ಕೊಡಿ.

ಊರಿಗೆ ಹೋಗುವಾಗ. ಮೂರು ತಿಂಗಳು ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತೇವೆ, ಕಾರು ಗ್ಯಾರೇಜಿನಲ್ಲಿ ನಿಂತಿರುತ್ತದೆ, ಸುಮ್ಮನೆ ಪ್ರೀಮಿಯಂ ಏಕೆ ಕಟ್ಟಬೇಕು ಎಂಬ ಲೆಕ್ಕ ಬೇರೆಯವರಿಗೆ ಸರಿಹೋಗಬಹುದು, ನಿಮಗೆ ಆಗದು. ಎಸ್‌ಆರ್-22 ಇರುವುದು ಚಾಲಕರ ಮೇಲೆ, ಕಾರಿನ ಮೇಲಲ್ಲ. ಕಾರು ಓಡದಿದ್ದರೂ, ನೀವು ದೇಶದಲ್ಲಿಯೇ ಇಲ್ಲದಿದ್ದರೂ ಅದು ಚಾಲ್ತಿಯಲ್ಲಿರಬೇಕು. ಕಾರನ್ನು ಓಡಿಸುವುದಿಲ್ಲವೆಂದು ನೋಂದಣಿಯಲ್ಲಿ ಬರೆಸುವುದರಿಂದಲೂ, ಬೆಂಕಿ ಮತ್ತು ಕಳವಿಗೆ ಮಾತ್ರ ವಿಮೆ ಇಟ್ಟುಕೊಳ್ಳುವುದರಿಂದಲೂ ಈ ಹೊಣೆ ತೀರುವುದಿಲ್ಲ. ಕಾರನ್ನು ಮಾರಿ ಹೋಗುವುದಾದರೆ, ಮಾರುವ ದಿನಕ್ಕೆ ಮೊದಲೇ ನಾನ್-ಓನರ್ ಪಾಲಿಸಿಗೆ ಬದಲಾಯಿಸಿಕೊಳ್ಳಿ. ಹೊರಡುವ ಮೊದಲು ಮುಂದಿನ ಕಂತುಗಳನ್ನು ಮುಂಗಡವಾಗಿ ಕಟ್ಟಿ, ಅಂಚೆಯನ್ನು ನಂಬಿಕಸ್ಥರೊಬ್ಬರು ತೆರೆದು ನೋಡುವ ವ್ಯವಸ್ಥೆ ಮಾಡಿಕೊಳ್ಳಿ.

ಕಂಪನಿ ಬದಲಿಸುವಾಗ. ಅಗ್ಗದ ವಿಮೆ ಸಿಕ್ಕರೆ ಬದಲಾಯಿಸಬಹುದು, ಆದರೆ ಕ್ರಮ ತಪ್ಪಬಾರದು. ಅಲ್ಲಿಯ ಪಾಲಿಸಿಗಳು ಸಾಮಾನ್ಯವಾಗಿ ಮಧ್ಯರಾತ್ರಿ 12 ದಾಟಿ 1 ನಿಮಿಷಕ್ಕೆ ಶುರುವಾಗಿ, ಅದೇ ಹೊತ್ತಿಗೆ ಮುಗಿಯುತ್ತವೆ. ಹಳೆಯ ಪಾಲಿಸಿಯ ಕೊನೆಯ ದಿನಾಂಕ ಮಾರ್ಚ್ 15 ಎಂದಿದ್ದರೆ, ಮಾರ್ಚ್ 15ರ ಹಗಲಿಗೆ ಅದು ಇರುವುದಿಲ್ಲ. 14ರ ರಾತ್ರಿಯೇ ಮುಗಿದಿರುತ್ತದೆ. ಹೊಸದನ್ನು 16ರಿಂದ ತೆಗೆದುಕೊಂಡವರಿಗೆ ಪೂರ್ತಿ ಒಂದು ದಿನದ ಕಂದಕ ಬೀಳುತ್ತದೆ. ಹೊಸ ಪಾಲಿಸಿಯನ್ನು ಕೆಲವು ದಿನ ಮೊದಲೇ ಶುರುಮಾಡಿಸಿ, ಅದರ ಎಸ್‌ಆರ್-22 ಇಲಾಖೆಯ ದಾಖಲೆಗೆ ಸೇರಿದ್ದನ್ನು ನೋಡಿಕೊಂಡು, ಆಮೇಲೆ ಹಳೆಯದನ್ನು ನಿಲ್ಲಿಸಿ. ಆ ಕೆಲವು ದಿನಗಳ ಎರಡು ಪ್ರೀಮಿಯಂ ನಷ್ಟವಲ್ಲ.

ರಾಜ್ಯ ಬದಲಿಸುವಾಗ. ಕೆಲಸ ಬದಲಾಗಿ ಟೆಕ್ಸಾಸ್‌ನಿಂದ ನ್ಯೂಯಾರ್ಕ್‌ಗೆ ಹೋದರೆ, ಅಲ್ಲಿ ಎಸ್‌ಆರ್-22 ಇಲ್ಲವೆಂದು ಹಳೆಯ ರಾಜ್ಯದ ಹೊಣೆ ತಪ್ಪುವುದಿಲ್ಲ. ರಾಜ್ಯಗಳು ಚಾಲಕರ ದಾಖಲೆಗಳನ್ನು ಹಂಚಿಕೊಳ್ಳುತ್ತವೆ. ಹಳೆಯ ರಾಜ್ಯದಲ್ಲಿ ಅಮಾನತಾದರೆ ಹೊಸ ರಾಜ್ಯದಲ್ಲಿ ಲೈಸೆನ್ಸ್ ಸಿಗುವುದೂ ಕಷ್ಟ. ಹೊಸ ವಿಳಾಸಕ್ಕೆ ವಿಮೆ ಕೊಟ್ಟು, ಹಳೆಯ ರಾಜ್ಯಕ್ಕೂ ಪ್ರಮಾಣಪತ್ರ ಸಲ್ಲಿಸಬಲ್ಲ ಕಂಪನಿಯನ್ನು ಸ್ಥಳಾಂತರಕ್ಕೆ ಮೊದಲೇ ಹುಡುಕಬೇಕು. ಇಂಥ ಕಂಪನಿಗಳು ಕಡಿಮೆ, ಆದ್ದರಿಂದ ಹುಡುಕಾಟವನ್ನು ಬೇಗ ಆರಂಭಿಸಿ.

ಕೂಡಲೇ ಎಚ್ಚೆತ್ತುಕೊಳ್ಳಬೇಕಾದ ಸೂಚನೆಗಳು

ತಿಂಗಳ ಪ್ರೀಮಿಯಂ ಬ್ಯಾಂಕ್ ಖಾತೆಯಿಂದ ಹೋಗಿಲ್ಲ ಎಂದು ಕಂಡರೆ, ಆ ದಿನವೇ ಕಂಪನಿಗೆ ಕರೆ ಮಾಡಿ. ನವೀಕರಣದ ಪತ್ರದಲ್ಲಿ ಎಸ್‌ಆರ್-22 ಎಂಬ ನಮೂದು ಇಲ್ಲದಿದ್ದರೆ, ಪ್ರೀಮಿಯಂ ಕಾರಣವಿಲ್ಲದೆ ಇಳಿದಿದ್ದರೆ, ಪಾಲಿಸಿ ಸಂಖ್ಯೆ ಬದಲಾಗಿದ್ದರೆ, ಪ್ರಮಾಣಪತ್ರ ಹೊಸ ಪಾಲಿಸಿಯ ಜೊತೆ ಮುಂದುವರಿದಿದೆಯೇ ಎಂದು ಲಿಖಿತವಾಗಿ ಕೇಳಿ. ಇಲಾಖೆಯಿಂದ ಬಂದ ಯಾವ ಲಕೋಟೆಯನ್ನೂ ಜಾಹೀರಾತಿನ ರಾಶಿಯ ಜೊತೆ ಎಸೆಯಬೇಡಿ.

ವಿಮೆ ಇಲ್ಲದೆಯೇ ಎಸ್‌ಆರ್-22 ಕಾಗದ ಮಾತ್ರ ಮಾಡಿಕೊಡುತ್ತೇವೆ ಎನ್ನುವವರು, ಪ್ರಮಾಣಪತ್ರವನ್ನು ವಾಟ್ಸಾಪ್‌ನಲ್ಲಿ ಕಳಿಸಿ ‘ಇದನ್ನೇ ತೋರಿಸಿ ಸಾಕು’ ಎನ್ನುವವರು ಮೋಸಗಾರರು. ಏಜೆಂಟರ ಮತ್ತು ಕಂಪನಿಯ ಪರವಾನಗಿಯನ್ನು ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ಹುಡುಕಿ ನೋಡಲು ಐದು ನಿಮಿಷ ಸಾಕು.

ಹಂತ 8: ಅವಧಿ ಮುಗಿದಾಗ ಅಂದಾಜಿನಿಂದ ನಿಲ್ಲಿಸಬೇಡಿ

ಮೂರು ವರ್ಷವಾಯಿತು ಎಂದು ನೀವೇ ಎಣಿಸಿ ಕಂಪನಿಗೆ ಹೇಳಿದರೆ, ಅವರು ಎಸ್‌ಆರ್-22 ತೆಗೆದುಹಾಕುತ್ತಾರೆ. ಹೆಚ್ಚಿನ ಕಂಪನಿಗಳು ಇಲಾಖೆಯನ್ನು ಕೇಳಿ ನೋಡುವುದಿಲ್ಲ. ನಿಮ್ಮ ಎಣಿಕೆ ತಪ್ಪಿ ಒಂದು ವಾರ ಬಾಕಿ ಇದ್ದರೂ ಎಸ್‌ಆರ್-26 ಹೋಗಿ ಲೈಸೆನ್ಸ್ ಅಮಾನತಾಗಬಹುದು. ನೀವು ಹೇಳದಿದ್ದರೆ ಅವರು ತಾವಾಗಿ ತೆಗೆಯುವುದೂ ಅಪರೂಪ, ಹಾಗಾಗಿ ಬೇಡದಿದ್ದರೂ ಅದು ಮುಂದುವರಿಯುತ್ತಲೇ ಇರುತ್ತದೆ.

ಆದ್ದರಿಂದ ಅವಧಿ ಮುಗಿಯುತ್ತ ಬಂದಾಗ ಇಲಾಖೆಗೆ ಬರೆದು, ಕೊನೆಯ ದಿನಾಂಕವನ್ನು ಲಿಖಿತವಾಗಿ ಪಡೆಯಿರಿ. ಅದರ ಮೇಲೆ ಕೆಲವು ದಿನ ಬಿಟ್ಟು, ಆ ಪತ್ರದ ಪ್ರತಿಯೊಂದಿಗೆ, ಎಸ್‌ಆರ್-22 ಅನ್ನು ಮಾತ್ರ ತೆಗೆಯಿರಿ, ಪಾಲಿಸಿಯನ್ನು ಮುಂದುವರಿಸಿ ಎಂದು ಕಂಪನಿಗೆ ಬರೆಯಿರಿ. ಮಾತಿನಲ್ಲಿ ಹೇಳಿದರೆ ಇಡೀ ಪಾಲಿಸಿಯನ್ನೇ ರದ್ದುಮಾಡಿಬಿಡುವ ಸಂಭವವಿದೆ. ಒಂದೆರಡು ವಾರದ ನಂತರ ಜಾಲತಾಣದಲ್ಲಿ ಲೈಸೆನ್ಸ್ ಸ್ಥಿತಿಯನ್ನು ಮತ್ತೆ ನೋಡಿ. ಊರ್ಜಿತವಾಗಿಯೇ ಇದ್ದರೆ, ಬೇರೆ ಕಂಪನಿಗಳಲ್ಲಿ ಪ್ರೀಮಿಯಂ ಕೇಳಿ ನೋಡಲು ಅದೇ ಸರಿಯಾದ ಸಮಯ. ಪ್ರಮಾಣಪತ್ರ ಹೋದರೂ ಪ್ರಕರಣ ದಾಖಲೆಯಲ್ಲಿ ಇನ್ನೂ ಕೆಲವು ವರ್ಷ ಉಳಿದಿರುತ್ತದೆ, ಹಾಗಾಗಿ ಅರ್ಜಿಯಲ್ಲಿ ಕೇಳಿದರೆ ಅದನ್ನು ಹೇಳಲೇಬೇಕು. ಅಮಾನತಿನ ಪತ್ರ, ಶುಲ್ಕದ ರಸೀದಿ, ಎಸ್‌ಆರ್-22 ಪ್ರತಿಗಳು ಮತ್ತು ಇಲಾಖೆಯ ಕೊನೆಯ ಪತ್ರ ಇವನ್ನು ಎಸೆಯದೆ ಇಡಿ. ಗ್ರೀನ್ ಕಾರ್ಡ್ ಮತ್ತು ಪೌರತ್ವದ ಅರ್ಜಿಗಳಲ್ಲಿ ಬಂಧನಗಳ ವಿವರ ಕೇಳುವಾಗ ನ್ಯಾಯಾಲಯದ ದಾಖಲೆಗಳ ಜೊತೆಗೆ ಈ ಕಡತವೂ ವಕೀಲರ ಕೈಗೆ ಬೇಕಾಗುತ್ತದೆ.